ನಾಳೆಯ ಟೀಚರ್‌ಗಳಿಗೆ ಟೆಕ್ನಾಲಜಿ ಕಲಿಸೋದು ಹೇಗೆ: ಆ್ಯಪ್ ಆಮೇಲೆ, ಮಾನದಂಡ ಮೊದಲು

ಟೀಚರ್ ಟ್ರೇನಿಂಗಲ್ಲಿ ಟೆಕ್ನಾಲಜಿ ಅಂದ್ರೆ ಸಾಮಾನ್ಯವಾಗಿ ಒಂದು ಬೇರೆ ಪೇಪರ್ ಇರುತ್ತೆ. ಸ್ಲೈಡ್ ಮಾಡೋದು, ಸ್ಪ್ರೆಡ್‌ಶೀಟ್, ಒಂದು ಕ್ವಿಜ್ ಆ್ಯಪ್, ಅಷ್ಟು ಹೇಳ್ಕೊಟ್ಟು ಮಾರ್ಕ್ಸ್ ಹಾಕಿ ಮುಗಿಸ್ತಾರೆ. ನಾನೂ ಮೊದಮೊದಲು ಹಾಗೇ ಕಲಿಸ್ತಿದ್ದೆ. ಟ್ರೇನಿಗಳು ಟೂಲ್ ಚೆನ್ನಾಗೇ ಕಲಿತಿದ್ರು, ಆದ್ರೆ ಮಕ್ಕಳ ಮುಂದೆ ನಿಂತಾಗ ಈ ಪಾಠಕ್ಕೆ ಇದು ಬೇಕಾ ಬೇಡ್ವಾ ಅನ್ನೋದು ಅವ್ರಿಗೆ ಗೊತ್ತಾಗ್ತಾ ಇರ್ಲಿಲ್ಲ, ಕಲಿಸ್ಬೇಕಾಗಿದ್ದದ್ದು ನಿಜವಾಗಿ ಅದನ್ನೇ.

ಇದಕ್ಕೆ ಕಾರಣ ಹಳೇದು. ವಿಷಯ ಗೊತ್ತಿರೋದು ಬೇರೆ, ಆ ವಿಷಯಾನ ಮಕ್ಕಳಿಗೆ ಅರ್ಥ ಆಗೋ ಹಾಗೆ ಕಲಿಸೋ ಜ್ಞಾನ ಬೇರೆ ಅಂತ ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ 1986ರಲ್ಲೇ ಹೇಳಿದ್ರು. 2006ರಲ್ಲಿ ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಹ್ಲರ್ ಅನ್ನೋ ಸಂಶೋಧಕರು ಅದಕ್ಕೆ ಟೆಕ್ನಾಲಜಿ ಸೇರಿಸಿದ್ರು, ಅದನ್ನೇ ಈಗ ಟಿಪ್ಯಾಕ್ (TPACK, ಟೆಕ್ನಾಲಜಿ, ಕಲಿಸೋ ರೀತಿ, ವಿಷಯ ಮೂರೂ ಸೇರಿದ ಜ್ಞಾನ) ಅಂತೀವಿ. ವಿಷಯ, ಕಲಿಸೋ ರೀತಿ, ಟೂಲ್ ಮೂರನ್ನೂ ಒಂದೇ ಪಾಠದಲ್ಲಿ ಒಟ್ಟಿಗೆ ಯೋಚಿಸ್ಬೇಕು, ಬಿಡಿ ಬಿಡಿಯಾಗಿ ಕಲಿತ್ರೆ ತಾವಾಗೇ ಸೇರ್ಕೊಳ್ಳಲ್ಲ.

ಹಾಗಾದ್ರೆ ಎಲ್ಲಿಂದ ಶುರು ಮಾಡೋದು? ಮಾನದಂಡದಲ್ಲಿರೋ, ಅಂದ್ರೆ ಪಾಠ ಆದ್ಮೇಲೆ ಮಗುಗೆ ಏನು ಬರ್ಬೇಕು ಅಂತ ಹೇಳೋ ಸಾಲಲ್ಲಿರೋ, ಕ್ರಿಯಾಪದದಿಂದ. ಒಂದು ಮಾನದಂಡ ಕೊಟ್ಟು ಟ್ರೇನಿಗಳಿಗೆ ಕ್ರಿಯಾಪದದ ಕೆಳಗೆ ಗೆರೆ ಎಳೀರಿ ಅನ್ನಿ. ಉದಾಹರಣೆಗೆ, "ರೆಸಿಸ್ಟೆನ್ಸ್ ಬದಲಾದಾಗ ಕರೆಂಟ್ ಹೇಗೆ ಬದಲಾಗುತ್ತೆ ಅಂತ ಅಳತೆಗಳ ಆಧಾರದಿಂದ ವಿವರಿಸುವುದು" ಅಂತ ಇದೆ ಅಂದ್ಕೊಳ್ಳಿ. ವಿವರಿಸೋದು ಮಗು, ಟೀಚರ್ ಅಲ್ಲ. ಅಳತೆ ಬೇಕು ಅಂತಾನೂ ಇದೆ. ಇನ್ನು ಟೂಲ್ ಹೆಸರೆತ್ತೋ ಮುಂಚೆ, ಮಗುಗೆ ಇದು ಬಂತು ಅಂತ ನಂಗೆ ಯಾವುದ್ರಿಂದ ಗೊತ್ತಾಗುತ್ತೆ ಅಂತ ಬರೆಸಿ. ಇಲ್ಲಿ ಅದು ಮಗು ತುಂಬಿದ ಒಂದು ಟೇಬಲ್, ಅದರ ಕೆಳಗೆ ಮಗುವಿನದೇ ಎರಡು ವಾಕ್ಯ.

ಈಗ ಟೂಲ್ ಆರಿಸ್ಲಿ. ಇದೇ ಪಾಠಕ್ಕೆ ಒಬ್ರು ಬಣ್ಣಬಣ್ಣದ ಆ್ಯನಿಮೇಷನ್ ವಿಡಿಯೋ ತಂದ್ರೆ ನೋಡೋಕೆ ಚೆನ್ನಾಗಿರುತ್ತೆ, ಆದ್ರೆ ಮಗು ಏನೂ ಅಳೆಯಲ್ಲ. ಅದೇ ಫೆಟ್ (PhET, ಸ್ಕ್ರೀನ್ ಮೇಲೇ ಪ್ರಯೋಗ ಮಾಡೋ ವೆಬ್‌ಸೈಟ್) ಸಿಮ್ಯುಲೇಷನ್ನಲ್ಲಿ ಸರ್ಕ್ಯೂಟ್ ಕಟ್ಟಿ, 9 ವೋಲ್ಟ್ ಇಟ್ಟು, ರೆಸಿಸ್ಟೆನ್ಸ್ 10 ಓಮ್‌ನಿಂದ 20ಕ್ಕೆ ಏರಿಸಿದ್ರೆ 0.9 ಆ್ಯಂಪಿಯರ್ ಇದ್ದದ್ದು 0.45ಕ್ಕೆ ಇಳಿಯೋದನ್ನ ಮಗು ತಾನೇ ನೋಡಿ ಬರ್ಕೊಳ್ಳುತ್ತೆ. ಏರಿಸೋ ಮುಂಚೆ ಏನಾಗ್ಬಹುದು ಅಂತ ಊಹೆ ಬರೆಸೋದನ್ನ ಮಾತ್ರ ಬಿಡಲೇಬೇಡಿ, ಊಹೆ ಮಾಡದೆ ಸ್ಲೈಡರ್ ಎಳೆದ್ರೆ ಅದು ಬರೀ ಆಟ ಆಗೋಗುತ್ತೆ. ಲ್ಯಾಬಲ್ಲಿ ನಿಜವಾದ ವೈರು, ಬಲ್ಬು, ಮೀಟರ್ ಇದ್ರೆ ಅದನ್ನೂ ಕೈಯಲ್ಲಿ ಮಾಡ್ಸಿ, ಸ್ಕ್ರೀನ್ ಮೇಲೆ ಲೂಸ್ ಕನೆಕ್ಷನ್ ಅಂದ್ರೆ ಏನು ಅಂತ ಗೊತ್ತಾಗಲ್ಲ.

ಪ್ಲ್ಯಾನ್ ಬರೆದ ಮೇಲೆ ಒಂದು ಪರೀಕ್ಷೆ ಇದೆ. ಪ್ಲ್ಯಾನಲ್ಲಿ ಟೂಲ್ ಇರೋ ಸಾಲನ್ನ ಹೊಡೆದುಹಾಕಿ ಮತ್ತೆ ಓದ್ಸಿ, ಮಗು ಅದಿಲ್ದೇನೂ ಅಷ್ಟೇ ಚೆನ್ನಾಗಿ ಕಲಿಯೋ ಹಾಗಿದ್ರೆ ಆ ಟೂಲ್ ಬೇಡ. ಟೆಕ್ನಾಲಜಿ ಬಳಸಿದ್ರೆ ಮಾತ್ರ ಮಾರ್ಕ್ಸ್ ಅನ್ನೋ ರೂಲ್ ಇಟ್ರೆ ಟ್ರೇನಿಗಳು ಧೈರ್ಯವಾಗಿ ಬೇಡ ಅನ್ನೋದನ್ನ ಕಲಿಯೋದೇ ಇಲ್ಲ, ದಯವಿಟ್ಟು ಹಾಗೆ ಮಾಡ್ಬೇಡಿ.

ಆಮೇಲೆ ಮೈಕ್ರೋ ಟೀಚಿಂಗ್, ಅಂದ್ರೆ ಕೆಲವೇ ಜನರ ಮುಂದೆ ಪುಟ್ಟ ಪಾಠ ಮಾಡಿ ಅಭ್ಯಾಸ ಮಾಡೋದು. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡಲ್ಲಿ ಶುರುವಾದ ಪದ್ಧತಿ, ಈಗ್ಲೂ ಇದಕ್ಕೆ ಸರಿಸಾಟಿ ನಾನು ಕಂಡಿಲ್ಲ. ಹತ್ತು ನಿಮಿಷ, ನಾಲ್ಕೈದು ಜನ, ಒಂದೇ ಮಾನದಂಡ, ಫೋನಲ್ಲಿ ರೆಕಾರ್ಡಿಂಗ್. ವಿಡಿಯೋ ನೋಡುವಾಗ ಟೀಚರನ್ನ ನೋಡ್ಬೇಡಿ, ಕಲಿಯೋರ ಕೈ ಏನು ಮಾಡ್ತಿದೆ ನೋಡಿ. ನಂತರ ತಿದ್ದಿ ಇನ್ನೊಂದ್ ಸಲ ಕಲಿಸ್ಲಿ, ಈ ಎರಡನೇ ಸಲಾನ ಟೈಮಿಲ್ಲ ಅಂತ ಬಿಟ್ಟುಬಿಡೋರೇ ಜಾಸ್ತಿ, ಆದ್ರೆ ಬದಲಾವಣೆ ಕಾಣೋದೇ ಅಲ್ಲಿ. ಒಂದ್ ಸಲ ಮಧ್ಯದಲ್ಲಿ ಹೇಳದೆ ಕೇಳದೆ ನೆಟ್ ಆಫ್ ಮಾಡಿ. ಪ್ರಿಂಟ್ ಮಾಡಿದ ರೀಡಿಂಗ್‌ಗಳು, ಬೋರ್ಡು, ಚಾಕ್‌ಪೀಸು ಇಟ್ಕೊಂಡು ಅದೇ ಮಾನದಂಡದ ಕಡೆಗೇ ಪಾಠ ಮುಂದುವರಿಸೋಕೆ ಆಗುತ್ತಾ ನೋಡಿ.

ಮಕ್ಕಳ ಪೂರ್ತಿ ಹೆಸರು, ಹುಟ್ಟಿದ ದಿನ ಕೇಳೋ ಆ್ಯಪ್‌ಗಳನ್ನ ಯೋಚನೆ ಮಾಡದೆ ಬಳಸಬಾರದು, ವಿಡಿಯೋ ಆದ್ರೆ ಸಬ್‌ಟೈಟಲ್ ಇರ್ಲೇಬೇಕು. ಇವೆರಡನ್ನ ಪ್ಲ್ಯಾನ್ ಫಾರ್ಮಲ್ಲೇ ಕಾಲಂ ಮಾಡ್ಬಿಡಿ.

ಇನ್ನೊಂದು ಕಷ್ಟದ ಮಾತು. ಇದೆಲ್ಲ ಒಬ್ಬ ಕಂಪ್ಯೂಟರ್ ಮೇಷ್ಟ್ರ ಕೈಲಿ ಆಗೋ ಕೆಲಸ ಅಲ್ಲ. ಗಣಿತದ ಮೆಥಡ್ ಕ್ಲಾಸಲ್ಲಿ ಗಣಿತದ ಮೇಡಮ್ಮೇ ಜಿಯೋಜೀಬ್ರಾ (ಆಕೃತಿ, ಗ್ರಾಫ್ ಬರೆಯೋ ಗಣಿತದ ಸಾಫ್ಟ್‌ವೇರ್) ಬಳಸಿ ಕಲಿಸ್ಬೇಕು, ಭಾಷೆಯ ಸರ್ ಶೇರ್ಡ್ ಡಾಕ್ಯುಮೆಂಟಲ್ಲಿ ಪ್ರಬಂಧ ತಿದ್ದಿ ತೋರಿಸ್ಬೇಕು. ತಮಗೆ ಹೇಗೆ ಕಲಿಸಿದ್ರೋ ಹಾಗೇ ಹೋಗಿ ಕಲಿಸೋದು ಟೀಚರ್‌ಗಳ ಸ್ವಭಾವ.

ಕೊನೇಗೆ, ಶಾಲೆಗೆ ಪ್ರಾಕ್ಟೀಸ್‌ಗೆ ಹೋದಾಗ ಪಾಠದ ಫೋಟೋ ತರಿಸ್ಬೇಡಿ, ಮಕ್ಕಳ ಕೆಲಸ ತರಿಸಿ. ಮೂರು ಮಕ್ಕಳದು ಸಾಕು, ಹೆಸರು ಮುಚ್ಚಿ: ಮಾನದಂಡ ಮುಟ್ಟಿದ ಒಂದು, ಹತ್ತಿರ ಬಂದ ಒಂದು, ಇನ್ನೂ ದೂರ ಇರೋ ಒಂದು. ಮೆಂಟರ್ ಟೀಚರ್ ಜೊತೆ ಕೂತು, ಆ ಮೂರನೇ ಮಗುಗೆ ಟೂಲ್ ಅಡ್ಡ ಬಂತಾ ಅಥವಾ ವಿಷಯಾನೇ ಅರ್ಥ ಆಗ್ಲಿಲ್ವಾ ಅಂತ ಹುಡುಕ್ಸಿ, ಮಾರನೇ ದಿನದ ಪಾಠ ಅದರ ಮೇಲೇ ಬರೆಸಿ.