ಹನ್ನೊಂದು ವರ್ಷದ ಲೈಸೆನ್ಸ್, ದುಬೈಯಲ್ಲಿ ಎರಡು ಸಲ ಫೇಲ್

ನಾನು ಕಾರು ಕಲಿತದ್ದು ಸುರತ್ಕಲ್‌ನಲ್ಲಿ, ಮಾವನ ಓಮ್ನಿಯಲ್ಲಿ. ಆಮೇಲೆ ಹನ್ನೊಂದು ವರ್ಷ ಉಡುಪಿ ಹೆದ್ದಾರಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸುಗಳ ನಡುವೆಯೇ ಓಡಿಸಿದೆ. ಸಂಜೆ ಆರು ಗಂಟೆಯ ರಶ್ಶಿನಲ್ಲಿ ಮಂಗಳೂರಿನ ನಂತೂರು ಸರ್ಕಲ್ ದಾಟಿದವನಿಗೆ ದುಬೈ ಯಾವ ಲೆಕ್ಕ ಎಂಬ ಜಂಬ ನನಗಿತ್ತು.

ಆದರೆ ಅಲ್ಲಿ ಕೆಲಸದ ವೀಸಾ ಆದ ಮೇಲೆ ನಮ್ಮ ಲೈಸೆನ್ಸ್ ನಡೆಯುವುದಿಲ್ಲ. ವಿಸಿಟ್ ವೀಸಾದಲ್ಲಿ ಹೋದವರು ಇಲ್ಲಿನ ಆರ್‌ಟಿಒದಿಂದ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡರೆ ಬಾಡಿಗೆ ಕಾರು ಓಡಿಸಬಹುದು. ಕೆಲವು ದೇಶದವರ ಲೈಸೆನ್ಸನ್ನು ಟೆಸ್ಟ್ ಇಲ್ಲದೆ ಬದಲಾಯಿಸಿ ಕೊಡುತ್ತಾರೆ. ನಾನು ಹೋದಾಗ ಆ ಪಟ್ಟಿಯಲ್ಲಿ ನಾವಿರಲಿಲ್ಲ. ಕಣ್ಣು ಪರೀಕ್ಷೆ, ಥಿಯರಿ, ಪಾರ್ಕಿಂಗ್, ರಸ್ತೆ ಟೆಸ್ಟ್ ಎಲ್ಲ ಮೊದಲಿಂದ ಆಗಬೇಕು. ಹಳೆ ಲೈಸೆನ್ಸ್ ಇದ್ದದ್ದಕ್ಕೆ ಕ್ಲಾಸಿನ ಗಂಟೆ ಕಮ್ಮಿ ಆಯಿತು, ಅಷ್ಟೇ ಲಾಭ. 2023ರಿಂದ ನಮ್ಮಂಥವರಿಗೆ ಕ್ಲಾಸ್ ಇಲ್ಲದೆ ಒಂದೇ ಒಂದು ಸಲ ನೇರ ಟೆಸ್ಟ್ ಕೊಡುವ ಅವಕಾಶ ಬಂದಿದೆ. ನನ್ನನ್ನು ಕೇಳಿದರೆ, ನಾಲ್ಕು ಕ್ಲಾಸಾದರೂ ಮಾಡಿಯೇ ಹೋಗಿ.

ಲೈಸೆನ್ಸ್ ಕೈಗೆ ಬರುವವರೆಗೆ ಮೆಟ್ರೋನೇ ಗತಿ. ಅದಕ್ಕೆ ನೋಲ್ ಕಾರ್ಡ್, ಅಂದರೆ ದುಡ್ಡು ತುಂಬಿಸಿಟ್ಟುಕೊಳ್ಳುವ ಟಿಕೆಟ್ ಕಾರ್ಡ್ ಬೇಕು. ಸಿಲ್ವರ್ ಕಾರ್ಡ್‌ಗೆ 25 ದಿರ್ಹಮ್, ಅದರಲ್ಲಿ 19 ಒಳಗೆ ಬ್ಯಾಲೆನ್ಸ್. ಬಸ್ಸಿಗೂ ಅದೇ ಕಾರ್ಡ್. ಹತ್ತುವಾಗಲೂ ಇಳಿಯುವಾಗಲೂ ತಾಗಿಸಬೇಕು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ, ಕಂಡಕ್ಟರ್ ಬರುವವರೆಗೆ ಚಿಲ್ಲರೆ ಹಿಡಿದು ನಿಲ್ಲುವ ನನಗೆ ಇದೇ ಮರೆತುಹೋಗುತ್ತಿತ್ತು. ಎರಡನೇ ದಿನ ಗಡಿಬಿಡಿಯಲ್ಲಿ ಹೆಂಗಸರ ಬೋಗಿಗೆ ನುಗ್ಗಿದೆ. ನೆಲದ ಮೇಲಿನ ಗುಲಾಬಿ ಗೆರೆ ನೋಡಿರಲಿಲ್ಲ. ಒಬ್ಬ ಅಜ್ಜಿ ಕಣ್ಣಲ್ಲೇ ಹೊರಗೆ ಹಾಕಿದರು, ಪುಣ್ಯಕ್ಕೆ ದಂಡ ಬೀಳಲಿಲ್ಲ. ಒಳಗೆ ತಿನ್ನುವ, ಕುಡಿಯುವ ಹಾಗೂ ಇಲ್ಲ. 'ಕಾರ್ ಲಿಫ್ಟ್' ಅಂತ ಖಾಸಗಿ ಕಾರಿನವರು ತಿಂಗಳಿಗಿಷ್ಟು ಅಂತ ದುಡ್ಡು ತೆಗೆದುಕೊಂಡು ಕರೆದೊಯ್ಯುತ್ತಾರೆ. ಪರ್ಮಿಟ್ ಇಲ್ಲದಿದ್ದರೆ ಅದು ಅಲ್ಲಿ ಕಾನೂನಿಗೆ ವಿರುದ್ಧ. ನಮ್ಮೂರಿನವನೇ ಕರೆದರೂ ನಾನು ಹೋಗಲಿಲ್ಲ.

ಕಂಪನಿಯ ಪಿಕಪ್ ಓಡಿಸಬೇಕಿತ್ತು, ಹಾಗಾಗಿ ಗೇರಿನ ಗಾಡಿಯಲ್ಲೇ ಕಲಿತೆ. ಆಟೋಮ್ಯಾಟಿಕ್‌ನಲ್ಲಿ ಟೆಸ್ಟ್ ಕೊಟ್ಟರೆ ಲೈಸೆನ್ಸ್ ಅದಕ್ಕೆ ಮಾತ್ರ. ಮೊದಲ ದಿನ ಸೀಟು ಎಡಕ್ಕೆ, ಗೇರು ಬಲಗೈಗೆ, ಗಾಡಿ ರಸ್ತೆಯ ಬಲಕ್ಕೆ. ಇಂಡಿಕೇಟರ್ ಹಾಕಿದರೆ ವೈಪರ್ ತಿರುಗಿತು. ಅಲ್ಲಿ ಇಂಡಿಕೇಟರಿನ ಕಡ್ಡಿ ಎಡಗಡೆ. ಕಲಿಸುವವರು ಕೇರಳದವರು. ನಕ್ಕು, "ಎಲ್ಲ ಇಂಡಿಯಾದವರೂ ಮೊದಲ ದಿನ ಗ್ಲಾಸ್ ತೊಳೆಯುತ್ತಾರೆ" ಎಂದರು.

ಪಾರ್ಕಿಂಗ್ ಟೆಸ್ಟಿನಲ್ಲಿ ಏರು ಹತ್ತಿ ನಿಲ್ಲಿಸುವುದೂ ಇರುತ್ತದೆ. ಬೇರೆಯವರು ಅಲ್ಲಿ ಬೆವರುತ್ತಿದ್ದರು. ಕದ್ರಿ ಗುಡ್ಡದಲ್ಲಿ ಹಾಫ್ ಕ್ಲಚ್ ಒತ್ತಿದವನಿಗೆ ಅದೊಂದು ಏರೇ ಅಲ್ಲ.

ಸಿಕ್ಕಿಬಿದ್ದದ್ದು ರಸ್ತೆ ಟೆಸ್ಟಿನಲ್ಲಿ. ಒಂದೇ ಕಾರಿನಲ್ಲಿ ಮೂರು ನಾಲ್ಕು ಜನ, ಪಕ್ಕದಲ್ಲಿ ಪರೀಕ್ಷಕರು, ಒಬ್ಬೊಬ್ಬರಿಗೆ ಹತ್ತು ಹದಿನೈದು ನಿಮಿಷ. ಮೊದಲ ಸಲ ದೊಡ್ಡ ರಸ್ತೆಗೆ ಸೇರುವಾಗ, ಹೆದರಿ ನಿಂತೇಬಿಟ್ಟೆ. ಅಲ್ಲಿ ನಿಧಾನವೂ ತಪ್ಪೇ. ಎರಡನೇ ಸಲ ಲೇನ್ ಬದಲಿಸುವಾಗ ಪರೀಕ್ಷಕರೇ ಬ್ರೇಕ್ ಒತ್ತಿದರು. ಅವರ ಕಾಲು ಬ್ರೇಕಿಗೆ ಹೋಯಿತೆಂದರೆ ಮುಗಿಯಿತು. ಕನ್ನಡಿ ನೋಡಿದ್ದೆ, ಭುಜದಾಚೆ ತಲೆ ತಿರುಗಿಸಿರಲಿಲ್ಲ. ಊರಿನಲ್ಲಿ ಪಕ್ಕದಲ್ಲಿ ಬೇರೆ ಗಾಡಿ ಇದ್ದರೆ ಅದರವರೇ ಹಾರ್ನ್ ಹೊಡೆದು ಹೇಳುತ್ತಾರೆ, ಅಲ್ವಾ? ಅಲ್ಲಿ ಯಾರೂ ಹೊಡೆಯುವುದಿಲ್ಲ. ನಾನು ಇಷ್ಟು ವರ್ಷ ಓಡಿಸಿದ್ದು ಅರ್ಧ ಕಿವಿಯಿಂದ ಅಂತ ಆಗ ಗೊತ್ತಾಯಿತು.

ಪ್ರತಿ ಸಲ ಫೇಲಾದಾಗ ಮತ್ತೆ ಕ್ಲಾಸು, ಮತ್ತೆ ಫೀಸು. ಸಂಬಳದ ಲೆಕ್ಕ ಹಾಕಿ ನಿದ್ದೆ ಬರಲಿಲ್ಲ. ಕೊನೆಗೆ ರೂಮಿನಲ್ಲೇ ಪ್ರಾಕ್ಟೀಸ್ ಶುರು ಮಾಡಿದೆ. ಕುರ್ಚಿಯಲ್ಲಿ ಕೂತು, ಊಟದ ತಟ್ಟೆಯನ್ನು ಸ್ಟೇರಿಂಗ್ ಮಾಡಿಕೊಂಡು, ಒಳಗಿನ ಕನ್ನಡಿ, ಪಕ್ಕದ ಕನ್ನಡಿ, ಇಂಡಿಕೇಟರ್, ಭುಜ. ಬಾಯಲ್ಲಿ ಹೇಳುತ್ತಾ ಕುತ್ತಿಗೆ ತಿರುಗಿಸುವುದು. ಕುಂದಾಪುರದ ರೂಮ್‌ಮೇಟ್ ಬಾಗಿಲಲ್ಲಿ ನಿಂತು, "ಎಂತ ಮಾರಾಯ, ರೂಮಲ್ಲೇ ಯಕ್ಷಗಾನ ಶುರು ಮಾಡಿದ್ಯಾ?" ಎಂದ. ಮರುದಿನದಿಂದ ಅವನ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು, ಅವನು ಏನು ನೋಡಬೇಕಿತ್ತು ಅಂತ ನಾನೇ ಜೋರಾಗಿ ಹೇಳುತ್ತಿದ್ದೆ. ರೌಂಡ್‌ಅಬೌಟ್ ಸರಿಯಾಗಿ ತಲೆಗೆ ಹೋದದ್ದು ಆಗಲೇ. ಎಡದಿಂದ ಬರುವವನಿಗೆ, ಅಂದರೆ ಆಗಲೇ ಒಳಗೆ ಸುತ್ತುತ್ತಿರುವವನಿಗೆ ದಾರಿ ಬಿಡಬೇಕು. ದೊಡ್ಡ ಗಾಡಿಯವನಿಗಲ್ಲ, ಮೊದಲು ಮೂತಿ ತೂರಿಸಿದವನಿಗೂ ಅಲ್ಲ.

ಮೂರನೇ ಸಲ ಪಾಸ್.

ಆಮೇಲೆ ದಂಡದ ಭಯ. ಮೊಬೈಲ್ ಹಿಡಿದರೆ 800 ದಿರ್ಹಮ್, ಜೊತೆಗೆ 4 ಕಪ್ಪು ಪಾಯಿಂಟ್, ಅಂದರೆ ಲೈಸೆನ್ಸಿನ ಮೇಲೆ ಬೀಳುವ ತಪ್ಪಿನ ಅಂಕ. ಅದು 24 ಆದರೆ ಲೈಸೆನ್ಸ್ ತೆಗೆದಿಡುತ್ತಾರೆ. ಹಿಂದೆ ಕೂತವರಿಗೂ ಬೆಲ್ಟ್ ಬೇಕು, ಇಲ್ಲದಿದ್ದರೆ 400. ಕುಡಿದು ಓಡಿಸುವವರಿಗೆ ಸ್ವಲ್ಪವೂ ಮಾಫಿ ಇಲ್ಲ.

ಎರಡು ವರ್ಷ ಕಳೆದು ರಜೆಗೆ ಬಂದೆ. ಬಜಪೆ ಏರ್‌ಪೋರ್ಟಿನಲ್ಲಿ ಇಳಿದಾಗ ಭಾವ ಕೀ ಕೊಟ್ಟರು. ನಾನು ಸೀದಾ ಎಡಗಡೆಯ ಬಾಗಿಲು ತೆಗೆದು ಕೂತೆ, ಮುಂದೆ ಸ್ಟೇರಿಂಗೇ ಇಲ್ಲ. ಇಳಿದು ಆಚೆ ಬಂದು, ಹುಷಾರಾಗಿ ಹೊರಟು, ಸುರತ್ಕಲ್ ಜಂಕ್ಷನ್‌ನಲ್ಲಿ ಇಂಡಿಕೇಟರ್ ಹಾಕಿದೆ. ಸುಡು ಬಿಸಿಲಿನಲ್ಲಿ ವೈಪರ್ ಕರಕರ ತಿರುಗಿತು. ಹಿಂದಿನ ಬಸ್ಸಿನವನು ಹಾರ್ನ್ ಬಿಡದೆ ಹೊಡೆದ.

ಹಿಂದಿನ ಸೀಟಿನಿಂದ ಅಮ್ಮ ಕೇಳಿದರು, "ಮಳೆ ಎಲ್ಲುಂಟು ಮಗಾ?"