ಚರ್ಚಾ ಸ್ಪರ್ಧೆಗೆ ತೀರ್ಪು ಕೊಡುವುದು ಹೇಗೆ?

ಅಂತರಕಾಲೇಜು ಚರ್ಚಾ ಸ್ಪರ್ಧೆಯೊಂದರಲ್ಲಿ ನನ್ನ ಪಕ್ಕ ಕೂತಿದ್ದ ತೀರ್ಪುಗಾರರು ಮೊದಲ ಹುಡುಗಿಗೇ 50ಕ್ಕೆ 46 ಕೊಟ್ಟುಬಿಟ್ಟರು, ಅದೂ ಪೆನ್ನಿನಲ್ಲಿ. ಹದಿನೈದನೆಯವಳು ಅವಳಿಗಿಂತ ಎಷ್ಟೋ ಚೆನ್ನಾಗಿ ಮಾತಾಡಿದಳು. ಮೇಲೇರಿಸಲು ಉಳಿದಿದ್ದು ನಾಲ್ಕೇ ಅಂಕ. ಹಾಗಾಗಿ ಮೊದಲ ಮಾತು: ಪೆನ್ಸಿಲ್ ಒಯ್ಯಿರಿ. ಮೊದಲನೆಯವರಿಗೆ 30ರ ಆಸುಪಾಸು ಕೊಟ್ಟು, ನಾಲ್ಕೈದು ಜನ ಆದಮೇಲೆ ತಿದ್ದಿಕೊಳ್ಳಿ.

ಶುರುವಾಗುವ ಮುಂಚೆ ಸಮಯ ಎಷ್ಟು, ಎಚ್ಚರಿಕೆ ಗಂಟೆ ಯಾವಾಗ, ಖಂಡನೆಗೆ, ಅಂದರೆ ಎದುರಾಳಿಯ ವಾದಕ್ಕೆ ಉತ್ತರ ಕೊಡುವುದಕ್ಕೆ, ಎಷ್ಟು ಅಂಕ ಅಂತ ಕೇಳಿಕೊಳ್ಳಿ. ಸಂಘಟಕರು ಕೊಡುವ ಅಂಕಪಟ್ಟಿಯನ್ನು ನಂಬಬೇಡಿ. ಅದರಲ್ಲಿ ಹೆಸರು ಬರೆಯಲೇ ಜಾಗ ಸಾಲುವುದಿಲ್ಲ.

ಈಗ ಮುಖ್ಯ ಕೆಲಸ. ಒಂದು ಎ4 ಹಾಳೆ ಅಡ್ಡ ಹಿಡಿದು ಎರಡು ಪಾಲು ಮಾಡಿ, ಪರ ಒಂದು ಕಡೆ, ವಿರೋಧ ಇನ್ನೊಂದು ಕಡೆ. ಪ್ರತಿ ವಾದವನ್ನೂ ಮೂರ್ನಾಲ್ಕು ಪದಗಳಲ್ಲಿ ಬರೆಯಿರಿ. ‘ವೇದಿಕೆಯ ಮೇಲೆ ಆಸೀನರಾಗಿರುವ’ ಅಂತ ಶುರುವಾದಾಗ ಪೆನ್ಸಿಲ್ ಕೆಳಗಿಡಿ, ಅಲ್ಲಿ ಬರೆಯುವಂಥದ್ದು ಏನೂ ಇರುವುದಿಲ್ಲ. ಒಬ್ಬರ ವಾದಕ್ಕೆ ಇನ್ನೊಬ್ಬರು ಉತ್ತರ ಕೊಟ್ಟರೆ ಮಾತ್ರ ಬಾಣದ ಗುರುತು ಹಾಕಿ.

ಎಡವುವುದು ಈ ಬಾಣದಲ್ಲೇ. ವಿಷಯ, ಪಿಯು ಕಾಲೇಜಿನಲ್ಲಿ ಮೊಬೈಲ್ ನಿಷೇಧ ಅಂತಿಟ್ಟುಕೊಳ್ಳಿ. ಪರ ಹೇಳಿದವನು ‘ಪಾಠದ ಮೇಲಿನ ಗಮನ ಹಾಳಾಗುತ್ತದೆ’ ಅಂದ. ವಿರೋಧದ ಒಬ್ಬ ಎದ್ದು ‘ನನ್ನ ಎದುರಾಳಿ ಮಿತ್ರರು ಇನ್ನೂ ಶಿಲಾಯುಗದಲ್ಲಿದ್ದಾರೆ’ ಅಂತಾನೆ. ಚಪ್ಪಾಳೆಯೋ ಚಪ್ಪಾಳೆ. ಬಾಣ ಇಲ್ಲ, ಅದು ಬರೀ ಗೇಲಿ. ಇನ್ನೊಬ್ಬಳು ‘ತರಗತಿಯಲ್ಲಿ ಗಮನ ಕೆಡುತ್ತದೆ, ಒಪ್ಪಿದೆ. ಬ್ಯಾಗಿನಲ್ಲಿ ಆಫ್ ಮಾಡಿಟ್ಟರೂ ಕೆಡುತ್ತದಾ? ಸಂಜೆ ಕೊನೇ ಬಸ್ಸು ತಪ್ಪಿದರೆ ನಾನು ಮನೆಗೆ ಹೇಗೆ ತಿಳಿಸಲಿ?’ ಅಂತಾಳೆ. ಸಭೆ ತಣ್ಣಗಿರುತ್ತದೆ. ದಪ್ಪ ಬಾಣ ಹಾಕಿ. ಅವಳು ಎದುರಾಳಿಯ ಮಾತನ್ನು ಕೇಳಿಸಿಕೊಂಡು, ಅದು ಎಲ್ಲಿಯವರೆಗೆ ನಿಲ್ಲುತ್ತದೆ ಅಂತ ತೋರಿಸಿದ್ದಾಳೆ.

ನಮ್ಮಂಥ ಮೇಷ್ಟ್ರುಗಳ ಚಟ ಒಂದಿದೆ. ವಿದ್ಯಾರ್ಥಿ ಅರ್ಧ ಹೇಳಿದ್ದನ್ನು ತಲೆಯೊಳಗೇ ಪೂರ್ತಿ ಮಾಡಿ ಅಂಕ ಕೊಡುವುದು. ಬೇಡ. ಬಾಯಿಂದ ಬಂದಿದ್ದಕ್ಕಷ್ಟೇ ಅಂಕ. ಹಾಗೇ, ಮೊದಲು ಮಾತಾಡುವವರಿಗೆ ಖಂಡಿಸಲು ಯಾರೂ ಇರುವುದಿಲ್ಲ, ಅಲ್ವಾ? ಅವರಿಗೆ ಸೊನ್ನೆ ಹಾಕಬೇಡಿ. ಮುಂದೆ ಬರಬಹುದಾದ ವಾದವನ್ನು ಊಹಿಸಿ ಉತ್ತರಿಸಿದ್ದಾರಾ ನೋಡಿ. ಧಾರವಾಡದ ಕಡೆಯ ಮಾತು ಕೇಳಿಸಿತು ಅಂತ ಭಾಷೆಯ ಅಂಕ ಕತ್ತರಿಸುವವರೂ ಇದ್ದಾರೆ. ಅಂಥವರನ್ನು ತೀರ್ಪಿಗೆ ಕರೆಯಲೇಬಾರದು.

ಕೊನೆಗೆ ಕೂಡುವುದು. ಇಲ್ಲೂ ಒಂದು ಮೋಸವಿದೆ. ಒಬ್ಬ ತೀರ್ಪುಗಾರರು ಒಬ್ಬನಿಗೆ 46, ಇನ್ನೊಬ್ಬಳಿಗೆ 30 ಕೊಟ್ಟರು. ಉಳಿದಿಬ್ಬರೂ ಅವನಿಗೆ 36, ಅವಳಿಗೆ 38 ಕೊಟ್ಟರು. ಮೂವರಲ್ಲಿ ಇಬ್ಬರಿಗೆ ಅವಳೇ ಮೇಲು. ಆದರೂ ಮೊತ್ತದಲ್ಲಿ ಅವನಿಗೆ 118, ಅವಳಿಗೆ 106, ಗೆದ್ದವನು ಅವನು! ಅದಕ್ಕೇ ಅಂಕ ಕೂಡುವ ಬದಲು ಪ್ರತಿಯೊಬ್ಬರ ಪಟ್ಟಿಯಲ್ಲಿ ಯಾರು ಎಷ್ಟನೇ ಸ್ಥಾನ ಅಂತ ಬರೆದು, ಆ ಸ್ಥಾನಗಳನ್ನು ಕೂಡಿ. ಕಡಿಮೆ ಬಂದವರು ಮೇಲೆ. ಇಂಗ್ಲಿಷ್ ಚರ್ಚೆಗಳ ಬ್ರಿಟಿಷ್ ಪಾರ್ಲಿಮೆಂಟರಿ ಪದ್ಧತಿಯಲ್ಲೂ ತೀರ್ಪುಗಾರರು ಒಟ್ಟಿಗೆ ಕೂತು ನಾಲ್ಕು ತಂಡಗಳಿಗೆ ಸ್ಥಾನವನ್ನೇ ಕೊಡುತ್ತಾರೆ. ಮೊದಲ ಸ್ಥಾನಕ್ಕೆ 3 ಪಾಯಿಂಟ್, ಕೊನೆಯದಕ್ಕೆ 0. ನಿಮ್ಮ ಸ್ಪರ್ಧೆಯಲ್ಲಿ ಸ್ಥಾನಗಳ ಮೊತ್ತ ಸಮ ಬಂದರೆ ಖಂಡನೆಯಲ್ಲಿ ಮುಂದಿರುವವರಿಗೆ ಪರ್ಯಾಯ ಪಾರಿತೋಷಕ (ರೋಲಿಂಗ್ ಶೀಲ್ಡ್) ಕೊಡಿ.

ಫಲಿತಾಂಶ ಹೇಳಿದ ತಕ್ಷಣ ಊಟಕ್ಕೆ ಓಡಬೇಡಿ. ಯಾರಾದರೂ ಬಂದು ‘ಸರ್, ನಂದೆಲ್ಲಿ ತಪ್ಪಾಯ್ತು?’ ಅಂತ ಕೇಳೇ ಕೇಳುತ್ತಾರೆ. ಬಾಣದ ಹಾಳೆ ಬಿಚ್ಚಿ ತೋರಿಸಿ.