ಪರದೆಯೋ ಬ್ಯಾಟರಿಯೋ? ನಾನು ಲ್ಯಾಪ್‌ಟಾಪ್ ಆರಿಸಿದ್ದು ಹೀಗೆ

ಹೊಸ ಲ್ಯಾಪ್‌ಟಾಪ್ ಹುಡುಕುವ ಮೊದಲು, ಹಳೆಯದು ಎಷ್ಟು ಬ್ಯಾಟರಿ ತಿನ್ನುತ್ತಿದೆ ಅಂತ ಅಳೆದೆ. ನಾನು ಬಳಸುವುದು ಲಿನಕ್ಸ್. ಚಾರ್ಜರ್ ತೆಗೆದು ಯುಪವರ್ ಎಂಬ ಕಮಾಂಡ್ ಕೊಟ್ಟರೆ, ಆ ಹೊತ್ತಿಗೆ ಎಷ್ಟು ವ್ಯಾಟ್ ಖರ್ಚಾಗುತ್ತಿದೆ ಅಂತ ಅದು ತೋರಿಸುತ್ತದೆ. ವಿಂಡೋಸ್‌ನವರಿಗೆ ಪವರ್‌ಸಿಎಫ್‌ಜಿ ಎಂಬ ಕಮಾಂಡಿನ ಬ್ಯಾಟರಿ ರಿಪೋರ್ಟ್ ಇದೆ. ಬರೆಯುವ ಕೆಲಸ ಮಾಡುತ್ತಲೇ ಪರದೆಯ ಬೆಳಕನ್ನು ಏರಿಸಿ ಇಳಿಸಿ ನೋಡಿದೆ. ತೀರಾ ಇಳಿಸಿದಾಗ 5 ವ್ಯಾಟ್ ಆಸುಪಾಸು, ಪೂರ್ತಿ ಏರಿಸಿದಾಗ 8ಕ್ಕೂ ಜಾಸ್ತಿ. ಬದಲಾಗಿದ್ದು ಬೆಳಕು ಮಾತ್ರ. ಪರದೆ ಮತ್ತು ಬ್ಯಾಟರಿಯನ್ನು ಬೇರೆ ಬೇರೆ ನೋಡುವ ಹಾಗೇ ಇಲ್ಲ ಅಂತ ಅಲ್ಲೇ ಗೊತ್ತಾಯಿತು.

ಬ್ಯಾಟರಿಯ ಲೆಕ್ಕ ಸುಲಭ. ವ್ಯಾಟ್-ಅವರ್ (ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ) ಅನ್ನು ಖರ್ಚಿನ ವ್ಯಾಟ್‌ನಿಂದ ಭಾಗಿಸಿದರೆ ಗಂಟೆ ಸಿಗುತ್ತದೆ. 56 ವ್ಯಾಟ್-ಅವರ್ ಬ್ಯಾಟರಿ, 7 ವ್ಯಾಟ್ ಖರ್ಚು ಅಂದರೆ 8 ಗಂಟೆ. ಜಾಹೀರಾತಿನ ಗಂಟೆಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸಾಮಾನ್ಯವಾಗಿ ಬೆಳಕು ತಗ್ಗಿಸಿ, ಒಂದೇ ವಿಡಿಯೊ ಓಡಿಸಿ ಅಳೆದದ್ದು ಅದು. ನನಗೆ ಪ್ಲಗ್ ಇಲ್ಲದೆ 6 ಗಂಟೆ ಬೇಕು. ಕೆಲವು ವರ್ಷಕ್ಕೆ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಅದಕ್ಕೆ ಐದರಲ್ಲಿ ಒಂದು ಪಾಲು ಬಿಟ್ಟು ಏಳೂವರೆ ಗಂಟೆ ಅಂತ ಇಟ್ಟುಕೊಂಡೆ.

ಪರದೆಯಲ್ಲಿ ನಾನು ಹಠ ಹಿಡಿದದ್ದು ಬೆಳಕು ಮತ್ತು ಬಣ್ಣಕ್ಕೆ. ಪರದೆಯ ಪ್ರಕಾಶವನ್ನು ನಿಟ್ಸ್‌ನಲ್ಲಿ ಅಳೆಯುತ್ತಾರೆ. 250 ನಿಟ್ಸ್ ಪರದೆ ಕಿಟಕಿ ಪಕ್ಕ ಕೂತರೆ ಸಾಲುವುದಿಲ್ಲ, ಇಡೀ ದಿನ ಪೂರ್ತಿ ಬೆಳಕಿನಲ್ಲೇ ಉರಿಸಬೇಕು. 400 ನಿಟ್ಸ್ ಇದ್ದರೆ ಬೇಕಾದಾಗ ಏರಿಸಬಹುದು, ಉಳಿದ ಹೊತ್ತು ಅರ್ಧದಲ್ಲೇ ಆರಾಮಾಗಿ ನಡೆಯುತ್ತದೆ. ಹೊಳಪಿನ ಪರದೆ ಬೇಡ ಅಂದದ್ದೂ ಇದಕ್ಕೇ: ಪ್ರತಿಬಿಂಬ ಕಂಡಾಗಲೆಲ್ಲ ಕೈ ತಾನಾಗಿ ಬೆಳಕು ಏರಿಸುತ್ತದೆ. ಇನ್ನು ಬಣ್ಣ. ವಿವರಣೆಯಲ್ಲಿ 45% ಎನ್‌ಟಿಎಸ್‌ಸಿ (ಟಿವಿಯ ಹಳೆಯ ಬಣ್ಣದ ಅಳತೆಗೋಲು) ಅಂತ ಇದ್ದರೆ ಅದು ಎಸ್‌ಆರ್‌ಜಿಬಿ (ವೆಬ್ ಮತ್ತು ಸಾಮಾನ್ಯ ಪರದೆಗಳ ಬಣ್ಣದ ಮಾನದಂಡ) ಬಣ್ಣಗಳಲ್ಲಿ ಸುಮಾರು 60% ಮಾತ್ರ ತೋರಿಸುತ್ತದೆ. ಅಂಥದ್ದರಲ್ಲಿ ಫೋಟೊ ತಿದ್ದಿದರೆ ಬೇರೆಯವರ ಪರದೆಯಲ್ಲಿ ಅದು ಬೇರೆಯೇ ಆಗಿ ಕಾಣುತ್ತದೆ.

ಬಿಟ್ಟುಕೊಟ್ಟದ್ದು ಪಿಕ್ಸೆಲ್‌ಗಳನ್ನು. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್, ಫುಲ್ ಎಚ್‌ಡಿಗಿಂತ ನಾಲ್ಕು ಪಟ್ಟು. ಹಿಂದಿನಿಂದ ದೀಪ (ಬ್ಯಾಕ್‌ಲೈಟ್) ಬೆಳಗುವ ಎಲ್‌ಸಿಡಿ ಪರದೆಯಲ್ಲಿ ಪಿಕ್ಸೆಲ್ ಚಿಕ್ಕದಾದಷ್ಟೂ ಹಿಂದಿನ ಬೆಳಕು ದಾಟುವ ಜಾಗ ಕಿರಿದಾಗುತ್ತದೆ. ಅಷ್ಟೇ ಪ್ರಕಾಶಕ್ಕೆ ಬ್ಯಾಕ್‌ಲೈಟ್ ಜಾಸ್ತಿ ಉರಿಯಬೇಕು. ಹಾಗಂತ ತೀರಾ ಕೆಳಗೂ ಇಳಿಯಬಾರದು. 15.6 ಇಂಚಿನಲ್ಲಿ 1366×768 ಅಂದರೆ ಇಂಚಿಗೆ 100 ಪಿಕ್ಸೆಲ್, ಕನ್ನಡದ ಒತ್ತಕ್ಷರಗಳು ಮಸುಕಾಗಿ ಕಣ್ಣು ದಣಿಯುತ್ತದೆ. 14 ಇಂಚಿನಲ್ಲಿ 1920×1200 ಇದ್ದರೆ ಇಂಚಿಗೆ 160 ದಾಟುತ್ತದೆ. ದಿನವಿಡೀ ಓದಲು ನನಗೆ ಅಷ್ಟು ಸಾಕು.

ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಒಎಲ್ಇಡಿ ಪರದೆ ನೋಡಲು ತುಂಬಾ ಚೆಂದ, ಸಿನಿಮಾ ಜಾಸ್ತಿ ನೋಡುವವರು ಅದನ್ನೇ ಕೊಳ್ಳಲಿ. ಅದರಲ್ಲಿ ಕಪ್ಪು ಇದ್ದ ಕಡೆ ಖರ್ಚು ಹೆಚ್ಚುಕಮ್ಮಿ ಇಲ್ಲ, ಬಿಳಿ ಇದ್ದ ಕಡೆ ಜಾಸ್ತಿ. ನನ್ನ ಕೆಲಸವೆಲ್ಲ ಬಿಳಿ ಪುಟದ ಮೇಲೆ, ಹಾಗಾಗಿ ಕೈಬಿಟ್ಟೆ. 120 ಹರ್ಟ್ಸ್ (ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ ಪರದೆ) ಬಗ್ಗೆ ತಲೆಕೆಡಿಸಿಕೊಳ್ಳಲಿಲ್ಲ, ಬೇಡವಾದರೆ 60ಕ್ಕೆ ಇಳಿಸಬಹುದಲ್ವಾ.

ಕೊನೆಗೆ ಕೊಂಡದ್ದು 14 ಇಂಚಿನ ಮ್ಯಾಟ್ (ಹೊಳಪಿಲ್ಲದ) ಐಪಿಎಸ್ ಪರದೆ (ಬದಿಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಎಲ್‌ಸಿಡಿ), 400 ನಿಟ್ಸ್, 100% ಎಸ್‌ಆರ್‌ಜಿಬಿ, ಕಡಿಮೆ ವಿದ್ಯುತ್ ಬಳಸುವ ಪ್ಯಾನೆಲ್, 57 ವ್ಯಾಟ್-ಅವರ್ ಬ್ಯಾಟರಿ. ಇದೇ ಮಾಡೆಲ್ ಅದೇ ಹೆಸರಿನಲ್ಲಿ 45% ಎನ್‌ಟಿಎಸ್‌ಸಿ ಪ್ಯಾನೆಲ್ ಜೊತೆಗೂ ಬರುತ್ತದೆ. ಅದಕ್ಕೇ ದುಡ್ಡು ಕೊಡುವ ಮೊದಲು ಯಾವ ಪ್ಯಾನೆಲ್ ಅಂತ ಮಾರುವವರಿಂದ ಬರೆಸಿಕೊಂಡೆ. ದಯವಿಟ್ಟು ನೀವೂ ಬರೆಸಿಕೊಳ್ಳಿ.

ಮನೆಗೆ ತಂದ ಮೇಲೆ ಮತ್ತೆ ಅಳೆದೆ. ಅರ್ಧ ಬೆಳಕಿನಲ್ಲಿ ಬರೆಯುವಾಗ ಐದೂವರೆ ವ್ಯಾಟ್ ಹತ್ತಿರ. ಫೋಟೊ ತಿದ್ದುವಾಗ 12 ದಾಟುತ್ತದೆ, ಆ ಕೆಲಸ ಇರುವ ದಿನ ಚಾರ್ಜರ್ ಜೊತೆಗೆ ಒಯ್ಯುತ್ತೇನೆ.